ಮಾವ ತೋಡಿದ ನಾಲಾ

ರಾಯಚೂರಿನಲ್ಲಿ ಪಿಯುಸಿವರೆಗೆ ಓದಿ ಗಡಿಯಾಚೆಯ ಮಕ್ತಲ್‌ಗೆ ಸೊಸೆಯಾಗಿ ಬಂದವಳು ನಾನು. ಓದಿದವಳೆಂಬ ಜಂಬ ಆಗ ತಲೆಗೆ ಚೆನ್ನಾಗಿಯೇ ಏರಿತ್ತು. ತೆಲುಗು ಮಾತ್ರ ಓದಲು ಬರುತ್ತಿರಲಿಲ್ಲ. ಕಿವಿಗೆ ಬಿದ್ದರೆ ಮುಕ್ಕಾಲು ಪಾಲು ತಿಳಿಯುತ್ತಿತ್ತು, ಉಳಿದ ಕಾಲು ಪಾಲನ್ನು ನಾನೇ ಊಹಿಸಿಕೊಳ್ಳುತ್ತಿದ್ದೆ. ಆ ಕಾಲು ಪಾಲು ಒಮ್ಮೆ ಇಡೀ ಮನೆತನಕ್ಕೆ ಗುದ್ದಲಿ ಹಿಡಿಸಿತು.

ತೆಲಂಗಾಣ ಬೇರೆ ರಾಜ್ಯವಾಗಿ ಕೆಲವು ವರ್ಷಗಳಾಗಿದ್ದವು. ಮಕ್ತಲ್ ಪಂಚಾಯಿತಿ ಹೋಗಿ ಮುನ್ಸಿಪಾಲಿಟಿ ಆಗಿತ್ತು. ಕುರಿ ಸಾಕುವ ನಮ್ಮ ಮನೆತನ ಹಳೆಯ ಮನೆಯಲ್ಲಿ ಹಿಡಿಸದಷ್ಟು ಬೆಳೆದಿತ್ತು. ಬೆಳಿಗ್ಗೆ ಬಚ್ಚಲಿಗೆ ಸರದಿ ಕಾಯಬೇಕು. ಊರಂಚಿನ ನಮ್ಮ ಹೊಲದಲ್ಲಿ ಮಾವ, ಅವರ ತಮ್ಮಂದಿರು, ದಾಯಾದಿಗಳು ಸೇರಿ ಹನ್ನೆರಡು ಮನೆ ಕಟ್ಟುವ ಮಾತಾಯಿತು. ಅತ್ತೆಗೆ ಮನೆಗಿಂತ ನಳದ ಆಸೆ ಹೆಚ್ಚು. ಮದುವೆಯಾದಂದಿನಿಂದ ಓಣಿಯ ತುದಿಯಿಂದ ಕೊಡ ಹೊತ್ತವರು ಅವರು.

"ಬಾಗಲದಾಗ ನಳ ಬರಲಿ, ನಾ ಕುಂತು ನೀರು ಹಿಡೀತೀನಿ," ಎನ್ನುತ್ತಿದ್ದರು.

ಅದಕ್ಕೆ ಮೊದಲು ಹೊಲವನ್ನು ವಸತಿ ಜಾಗವೆಂದು ಬದಲಿಸಬೇಕು. ನೀರಿನ ಪೈಪು, ಕರೆಂಟಿನ ಕಂಬ, ಚರಂಡಿ ಇವುಗಳ ಖರ್ಚು ನಮ್ಮ ಮೇಲೆ ಎಷ್ಟು ಎಂಬುದನ್ನು ಮುನ್ಸಿಪಾಲಿಟಿಯವರು ಸ್ಥಳ ನೋಡಿ ಹೇಳಬೇಕು. ಖರ್ಚು ಮಿತಿ ಮೀರಿದರೆ ಮನೆಯೂ ಇಲ್ಲ, ನಳವೂ ಇಲ್ಲ. ಗಂಡಸರು ಮೇವಿಗೆಂದು ಹಿಂಡು ಹೊಡೆದುಕೊಂಡು ಐಜ ಊರಿನ ಕಡೆ ಹೋಗಿದ್ದರಿಂದ ಅರ್ಜಿ ಹಿಡಿದು ಕಚೇರಿಗೆ ಹೋದವಳು ನಾನು. ಗುಮಾಸ್ತರು ಫೈಲು ತಿರುವಿ, ಮೊದಲು ನಾಲಾ ಮಾಡಿಸಿ, ಸ್ಥಳ ನೋಡಲು ಮೇಡಂ ಬಂದಾಗ ತೋರಿಸಿ, ಅದಿಲ್ಲದೆ ಏನೂ ಆಗದು ಎಂದು ತೆಲುಗಿನಲ್ಲಿ ಹೇಳಿದರು. ನಾಲಾ ಎಂದರೆ ನೀರು ಹರಿಯುವ ಕಾಲುವೆ, ನಮ್ಮ ಕಡೆ ಹಾಲುಗಲ್ಲದ ಮಗುವಿಗೂ ಗೊತ್ತು. ಮರುಪ್ರಶ್ನೆ ಕೇಳುವ ಗೋಜಿಗೇ ನಾನು ಹೋಗಲಿಲ್ಲ.

ಹಿಂಡು ವಾಪಸಾದ ಮೇಲೆ ಸರ್ಕಾರದ ಹುಕುಮನ್ನು ಗತ್ತಿನಿಂದ ಹೇಳಿದೆ. ಮಾವ ಹೊಲದ ಸುತ್ತ ಎರಡು ಸಲ ನಡೆದು ಬಂದರು. ಕುರಿಗಳ ಗೊರಸು ಕೊಳೆಯದಂತೆ ಒಣ ನೆಲ ಹುಡುಕಿ ಮಂದೆ ನಿಲ್ಲಿಸುತ್ತಲೇ ಆಯುಷ್ಯ ಕಳೆದವರಿಗೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುಲದೇವರು ಬೀರಪ್ಪನನ್ನು ನೆನೆದು ಭಂಡಾರ ಚೆಲ್ಲಿ ಗುದ್ದಲಿ ಎತ್ತಿದರು. ಹನ್ನೆರಡು ಮನೆಯವರೂ ಇಳಿದೆವು. ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತೆವು, ಹಾಡಿದೆವು, ಸಣ್ಣದಕ್ಕೆ ಜಗಳ ಕಾದು ರೊಟ್ಟಿ ಬಿಚ್ಚುವಾಗ ಒಂದಾದೆವು. ಮನೆ ಏಳುವ ಮೊದಲೇ ಅಲ್ಲಿ ಸಂಸಾರ ಶುರುವಾಗಿತ್ತು. ಕಾಲುವೆ ಹೊಲದ ಕೆಳಗಿನ ಹಳ್ಳ ಮುಟ್ಟಿದ ದಿನ ಅತ್ತೆ ಎಲ್ಲರಿಗೂ ಬೆಲ್ಲ ಹಂಚಿದರು.

ಪರಿಶೀಲನೆಗೆ ಒಬ್ಬ ಮೇಡಂ, ಒಬ್ಬ ಇಂಜಿನಿಯರ್ ಬಂದರು. ಮೇಡಂ ಫೈಲು ಬಿಚ್ಚಿ ನಾಲಾ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದರು. ಮಾವ ತಲೆಯ ಪಟಗ ಸರಿಮಾಡಿಕೊಂಡು, ಹೆಂಟೆಗಳ ಮೇಲೆ ಅವರನ್ನು ನಡೆಸಿಕೊಂಡು ಹೋಗಿ ಕಾಲುವೆಯ ದಂಡೆಗೆ ನಿಲ್ಲಿಸಿದರು.

"ಇದರೀ ನಮ್ಮ ನಾಲಾ. ಹಳ್ಳದ ತನಕ ಐತ್ರಿ."

ಮೇಡಂ ಕಾಲುವೆ ನೋಡಿದರು, ಫೈಲು ನೋಡಿದರು, ಮಾವನ ಮುಖ ನೋಡಿದರು. ಇಂಜಿನಿಯರ್ ಆ ಕಡೆ ತಿರುಗಿ ನಿಂತರು. ಅವರ ಭುಜ ಕುಣಿಯುತ್ತಿತ್ತು. ನಾಲಾ ಎಂದರೆ ಕಾಗದವಂತೆ. ಈ ನೆಲ ಇನ್ನು ಬೇಸಾಯದ್ದಲ್ಲ ಎಂದು ಬರೆದುಕೊಡುವ ಕಾಗದ, ಇಂಗ್ಲಿಷಿನ ನಾಲ್ಕು ಅಕ್ಷರ ಕೂಡಿಸಿ ಮಾಡಿದ ಹೆಸರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಬಾಯಿ ಬಿಟ್ಟೇ ಇತ್ತು, ನಾವೇ ತೋಡಿದ್ದೆವು, ಇಳಿಯುವುದೊಂದು ಬಾಕಿ. ಅತ್ತೆಯ ಕಡೆ ನೋಡುವ ಧೈರ್ಯ ಸಾಲಲಿಲ್ಲ.

ಇಳಿದವರು ಇಂಜಿನಿಯರ್. ಟೇಪು ಹಿಡಿದು ಹಳ್ಳದವರೆಗೆ ಹೋಗಿ, ಬೂಟಿನ ತುಂಬ ಮಣ್ಣು ಮಾಡಿಕೊಂಡು ಬಂದು, ಈ ಇಳಿಜಾರು ಹಾಕಿಕೊಟ್ಟವರು ಯಾರು ಎಂದು ಕೇಳಿದರು.

"ನೀರಿನ ದಾರಿ ನೀರಿಗೇ ಗೊತ್ತೈತ್ರಿ," ಎಂದರು ಮಾವ. "ನಾ ಅದರ ಹಿಂದಹಿಂದ ಅಗದೀನಿ."

ಅಂದಾಜು ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಮಳೆನೀರಿನ ಚರಂಡಿ ತೋಡಿಸುವುದೇ ಆಗಿತ್ತು. ಇಂಜಿನಿಯರ್ ಮೇಡಂ ಜೊತೆ ಮಾತಾಡಿ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಕಾಲುವೆಯ ಅಂಚಿಗೆ ಕಲ್ಲು ಕಟ್ಟಿಸಿದರೆ ಸಾಕಂತೆ. ಉಳಿದದ್ದು ನಮ್ಮ ಕೈಗೆ ಎಟುಕುವಂತಿತ್ತು. ಮೇಡಂ ನಗು ತಡೆಯಲಾರದೆ, ಇನ್ನೊಂದು ನಾಲಾನೂ ಮಾಡಿಸಿಬಿಡಿ ಎಂದು ಹೇಳಿ ಜೀಪು ಹತ್ತಿದರು. ಆ ಕಾಗದಕ್ಕಾಗಿ ನಾರಾಯಣಪೇಟೆಯ ಕಚೇರಿಗೆ ನಾಲ್ಕಾರು ಸಲ ಬಸ್ಸು ಹತ್ತಿಳಿದ ಮೇಲೆ ಅದೂ ಬಂತು. ಅಷ್ಟರಲ್ಲಿ ನಾನು ಬೋರ್ಡುಗಳನ್ನು ಕೂಡಿಸಿ ಓದುತ್ತ ತೆಲುಗು ಕಲಿತಿದ್ದೆ.

ಬಾಗಿಲಿಗೆ ನಳ ಬಂದ ದಿನ ಅತ್ತೆ ಹೇಳಿದಂತೆಯೇ ಮಣೆ ಹಾಕಿಕೊಂಡು ಕುಳಿತರು. ಕೊಡ ತುಂಬಿ ಚೆಲ್ಲಿದ ನೀರು ಮಾವನ ನಾಲಾದತ್ತ ಹರಿಯಿತು. ಪಕ್ಕದ ಹೊಲದವರೂ ಮನೆ ಕಟ್ಟುವವರಿದ್ದರು. ಅವರ ಮನೆಯ ಹೆಂಗಸರು ಬಂದು, ಕಚೇರಿಯವರು ಏನೋ ನಾಲಾ ಅನ್ನುತ್ತಾರೆ, ಅದೇನು ಎಂದು ಕೇಳಿದರು. ಅತ್ತೆ ನೀರಿನಿಂದ ಕಣ್ಣು ತೆಗೆಯಲಿಲ್ಲ.

"ನಮ್ಮ ಸೊಸೀನ್ನ ಕೇಳ್ರಿ. ಎರಡೂ ನಾಲಾ ಆಕಿಗೇ ಗೊತ್ತು."

ನಗುವವರೆಲ್ಲ ನಗುತ್ತಿದ್ದಾಗ ನಾನು ತುಂಬಿದ ಕೊಡ ಎತ್ತಲು ಬಗ್ಗಿದೆ. ಅತ್ತೆ ನನ್ನ ಕೈ ಹಿಡಿದು ತಡೆದು, ತಾವು ಒಂದಿಷ್ಟು ಸರಿದು, ಮಣೆಯ ಮೇಲೆ ನನಗೂ ಜಾಗ ಮಾಡಿದರು.