ಕರೆಂಟ್ ಹೋದಾಗ ಕೇಳಿದ ಹಾಡುಗಳು

ಹಳೆಯ ಸಿನಿಮಾ ಹಾಡುಗಳ ವಿಷಯ ಬಂದರೆ ನಾನು ಬಾಯಿ ಬಿಡದಿರುವುದೇ ಕ್ಷೇಮ. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕಾಯುವಾಗ ನಮ್ಮ ವಯಸ್ಸಿನವರು ಯಾವ ಹಾಡು ಯಾವ ವರ್ಷ ಮೊದಲ ಸ್ಥಾನದಲ್ಲಿತ್ತು ಎಂದು ವಾದಕ್ಕೆ ಬೀಳುತ್ತಾರಲ್ಲ, ಅಲ್ಲಿ ನಾನೂ ತಲೆ ತೂರಿಸುತ್ತೇನೆ. ಸ್ಥಾನ ನನಗೆ ಸರಿಯಾಗಿಯೇ ನೆನಪಿರುತ್ತದೆ. ಆದರೆ ಯಾರಾದರೂ ‘ಎಲ್ಲಿ, ಎರಡು ಸಾಲು ಹೇಳಿ ನೋಡೋಣ’ ಎಂದರೆ ಬಂಡವಾಳ ಬಯಲಾಗುತ್ತದೆ. ಒಂದು ಹಾಡಿನ ಪಲ್ಲವಿ ಗೊತ್ತು, ಚರಣ ಗೊತ್ತಿಲ್ಲ. ಇನ್ನೊಂದರ ಎರಡನೇ ಚರಣ ಮಾತ್ರ ಗೊತ್ತು, ಅದು ಶುರುವಾಗುವುದು ಹೇಗೆಂದು ದೇವರಾಣೆಗೂ ಗೊತ್ತಿಲ್ಲ. ಕ್ರಿಕೆಟ್ಟಿನ ಕಥೆಯೂ ಇಷ್ಟೇ. ಎಷ್ಟೋ ಪಂದ್ಯಗಳಲ್ಲಿ ಬೌಲರ್ ಓಡಿ ಬರುವವರೆಗೆ ಮಾತ್ರ ನನಗೆ ಗೊತ್ತು. ಮುಂದೆ ಆ ಚೆಂಡು ಏನಾಯಿತೋ ಇಂದಿಗೂ ತಿಳಿಯದು.

ಇದಕ್ಕೆ ಕಾರಣ ನನ್ನ ಮರೆವಲ್ಲ, ಕರೆಂಟು. ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ. ಮುಂದೆ ಮನೆ, ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಕರೆಂಟಿನ ಮಗ್ಗಗಳು. ನಮ್ಮದಷ್ಟೇ ಅಲ್ಲ, ಬೀದಿಯ ಎಲ್ಲ ಮನೆಯೂ ಹಾಗೆಯೇ. ಮಗ್ಗ ಓಡುತ್ತಿದ್ದರೆ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳುವುದಿಲ್ಲ. ಹೊಸದಾಗಿ ಬಂದ ನೆಂಟರು ಮೊದಲ ದಿನ ತಲೆ ಹಿಡಿದುಕೊಂಡು ಕೂರುತ್ತಿದ್ದರು. ನಾವು ಅವರೂರಿಗೆ ಹೋದರೆ ಆ ನಿಶ್ಶಬ್ದಕ್ಕೆ ನಿದ್ದೆ ಬರದೆ ಹೊರಳಾಡುತ್ತಿದ್ದೆವು. ಅಂಥ ಸದ್ದಿನ ನಡುವೆ ನಮ್ಮ ಅಣ್ಣ ಒಂದು ಟ್ರಾನ್ಸಿಸ್ಟರ್ ತಂದಿಟ್ಟ. ಸಂತೆಯಲ್ಲಿ ಕೂತು ಧ್ಯಾನ ಮಾಡುತ್ತೇನೆಂದು ಹೊರಟಂತಾಯಿತು.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಅವನ ಮಗ್ಗ ಬಾಗಿಲ ಪಕ್ಕದಲ್ಲಿತ್ತು. ಒಂದು ಕಿವಿಗೆ ನೂಲಿನ ಉಂಡೆ ತುರುಕಿ, ಇನ್ನೊಂದಕ್ಕೆ ಟ್ರಾನ್ಸಿಸ್ಟರನ್ನು ಅಂಟಿಸಿಕೊಂಡು, ಕಣ್ಣು ಮಾತ್ರ ಲಾಳಿಯ ಮೇಲಿಟ್ಟು ಅವನು ನಿಲ್ಲುತ್ತಿದ್ದ. ಮಿಕ್ಕವರಿಗೆ ಸುದ್ದಿ ಮುಟ್ಟಿಸುವುದು ಕೈಸನ್ನೆಯಲ್ಲಿ. ನೂಲು ಕಡಿಯಿತು, ಕಾಫಿ ಬಂತು, ಸಾಹುಕಾರರು ಬಂದರು ಎನ್ನುವುದಕ್ಕೆಲ್ಲ ಶೆಡ್ಡಿನಲ್ಲಿ ಮೊದಲೇ ಸನ್ನೆಗಳಿದ್ದವು. ಅಣ್ಣ ಅದಕ್ಕೆ ಕ್ರಿಕೆಟ್ಟನ್ನೂ ಸಂಗೀತವನ್ನೂ ಸೇರಿಸಿದ. ನಾಲ್ಕಕ್ಕೆ ಕೈ ಬೀಸುವುದು, ಆರಕ್ಕೆ ಎರಡೂ ಕೈ ಎತ್ತುವುದು ಅಂಪೈರನಿಂದ ಕಡ ತಂದದ್ದು. ನಮ್ಮ ನೆಚ್ಚಿನ ಆಟಗಾರ ಇನ್ನೂ ಔಟಾಗಿಲ್ಲ ಎನ್ನುವುದಕ್ಕೆ ಮಾತ್ರ ಅವನದೇ ಒಂದು ಸನ್ನೆ ಇತ್ತು. ಸ್ವಲ್ಪ ಬಗ್ಗಿ, ಇಲ್ಲದ ಬ್ಯಾಟನ್ನು ನೆಲಕ್ಕೆ ಟಕಟಕ ಕುಟ್ಟುವುದು. ಅದನ್ನು ಕಂಡರೆ ಶೆಡ್ಡಿಗೆಲ್ಲ ನೆಮ್ಮದಿ.

ಅಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎನ್ನುವುದು ಒಂದು ಸಣ್ಣ ತೊಡಕು. ಕಾಮೆಂಟರಿ ಅರ್ಥವಾಗದಿದ್ದರೇನಂತೆ, ಜನರ ಕೂಗಿನ ಎತ್ತರ ನೋಡಿಯೇ ಅವನು ನಾಲ್ಕೋ ಆರೋ ಹೇಳಿಬಿಡುತ್ತಿದ್ದ. ಒಮ್ಮೆ ನಮ್ಮವರು ಯಾವುದೋ ದೂರದೇಶದಲ್ಲಿ ಆಡುತ್ತಿದ್ದರು. ಮತ್ತೆ ಮತ್ತೆ ಕೂಗು ಕೇಳಿಸಿತು. ಅಣ್ಣ ಪ್ರತಿ ಸಲ ಎರಡೂ ಕೈ ಎತ್ತಿದ. ಶೆಡ್ಡಿನಲ್ಲಿ ಹಬ್ಬವೋ ಹಬ್ಬ. ಕುಣಿದಾಟದಲ್ಲಿ ನೂಲು ಕಡಿದುಕೊಂಡವರೂ ಉಂಟು. ಸಂಜೆ ಕನ್ನಡ ವಾರ್ತೆ ಕೇಳಿದಾಗಲೇ ಗೊತ್ತಾದದ್ದು, ಅಲ್ಲಿ ಕೂಗಿದ್ದು ಆ ದೇಶದ ಜನ, ಕೂಗಿದ್ದು ನಮ್ಮವರು ಔಟಾದಾಗಲೆಲ್ಲ. ಅಣ್ಣ ಕೊಂಚವೂ ನಾಚಲಿಲ್ಲ. “ಸೋತಿದ್ದು ಸೋತ್ವಿ ಬಿಡ್ರಲೇ, ಮಧ್ಯಾಹ್ನ ಎಲ್ಲ ಗೆದ್ದಂಗಿದ್ವಲ್ಲ, ಅದೇನ್ ಕಮ್ಮಿನಾ?” ಎಂದ. ಯೋಚಿಸಿದರೆ ಅದೂ ನಿಜವೇ.

ಇನ್ನು ಹಾಡುಗಳ ಪಟ್ಟಿ. ಸಮುದ್ರದಾಚೆಯ ಒಂದು ಸ್ಟೇಷನ್ನಿನಿಂದ ವಾರಕ್ಕೊಂದು ಸಂಜೆ ಜನಮೆಚ್ಚಿದ ಹಾಡುಗಳನ್ನು ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿನವರೆಗೆ ಹಾಕುತ್ತಿದ್ದರು. ಹಾಡು ಹಿಂದಿ, ಕೇಳುವವರು ನಾವು, ನಡುವೆ ಮಗ್ಗ. ಅರ್ಥದ ಗೊಡವೆ ಯಾರಿಗೂ ಇರಲಿಲ್ಲ. ಈ ವಾರ ಯಾವುದು ಹತ್ತಿತು, ಯಾವುದು ಜಾರಿತು ಅಷ್ಟೇ ಬೇಕಾಗಿತ್ತು. ಒಂದೊಂದು ಹಾಡಿಗೂ ಅಣ್ಣ ಒಂದೊಂದು ಗುರುತು ಮಾಡಿದ್ದ. ನೀರಿಗೆ ಹೋಗುವ ಹುಡುಗಿಯ ಹಾಡೊಂದಿತ್ತು, ಅಥವಾ ನೀರಿಗೆ ಹೋಗುವ ಹುಡುಗಿಯದೆಂದು ನಾವು ತಿಳಿದಿದ್ದೆವು. ಅದಕ್ಕೆ ಸೊಂಟದ ಮೇಲೆ ಕೊಡ ಇಟ್ಟುಕೊಂಡ ಸನ್ನೆ. ಮೊದಲ ಮೆಟ್ಟಿಲಿಗೆ, ಅಂದರೆ ತುದಿಯದಕ್ಕೆ, ತಲೆಗೆ ರುಮಾಲು ಸುತ್ತುವ ಸನ್ನೆ. ನಾವು ನಮ್ಮ ಮಗ್ಗದ ಮುಂದಿನಿಂದಲೇ ಕಿವಿಯ ಪಕ್ಕ ಗಾಳಿಯಲ್ಲಿ ರೇಡಿಯೋದ ತಿರುಗುಗುಂಡಿ ತಿರುಗಿಸಿದರೆ ‘ಯಾವುದು ಫಸ್ಟು?’ ಎಂದು ಕೇಳಿದಂತೆ. ಅಣ್ಣ ಸೊಂಟಕ್ಕೆ ಕೊಡ ಏರಿಸಿ, ತಲೆಗೆ ರುಮಾಲು ಸುತ್ತಿ, ಬ್ಯಾಟು ಕುಟ್ಟಿ ತೋರಿಸುತ್ತಿದ್ದ. ಕೊಡದ ಹಾಡು ಮೊದಲ ಮೆಟ್ಟಿಲಲ್ಲೇ ಇದೆ, ಇನ್ನೂ ಔಟಾಗಿಲ್ಲ!

ಹಾಡು ಕಿವಿಗೆ ಬೀಳುತ್ತಿದ್ದುದು ಕರೆಂಟ್ ಹೋದಾಗ ಮಾತ್ರ. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತುಬಿಡುತ್ತಿದ್ದವು. ಆ ಕ್ಷಣದಲ್ಲಿ ಸೆಲ್ಲಿನ ಮೇಲೆ ಓಡುವ ಟ್ರಾನ್ಸಿಸ್ಟರಿನಿಂದ ಹಾಡಿನ ನಡುಭಾಗ ಹೊರಗೆ ಧುಮುಕುತ್ತಿತ್ತು. ನಾವು ಬೆವರೊರೆಸಿಕೊಂಡು, ಮೂಲೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿ, ಎಲ್ಲರೂ ಕೇಳುತ್ತಿದ್ದೆವು. ಕರೆಂಟ್ ಬಂತೋ, ಹಾಡು ಅಲ್ಲಿಗೇ ಮುಳುಗಿತು. ಹೀಗಾಗಿ ವಾರಕ್ಕೊಮ್ಮೆ ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗಲಿ ಎಂದು ನಾವು ಘಾಟಿ ಸುಬ್ಬಪ್ಪನಿಗೆ ಕೈ ಮುಗಿಯುತ್ತಿದ್ದೆವು. ಅಮ್ಮನಿಗೆ ಇದು ತಿಳಿದು ರಂಪವೇ ಆಯಿತು. “ಮಳೆ ಬರ್ಬೇಡ ಅನ್ನೋ ರೈತನ್ನ ಕಂಡಿದ್ದೀರೇನ್ರೋ? ಕರೆಂಟ್ ಹೋಗ್ಲಿ ಅನ್ನೋ ನೇಕಾರ್ರನ್ನ ನಾನು ಇದೇ ಮನೇಲಿ ನೋಡ್ತಿರೋದು! ಉಣ್ಣೋ ತಟ್ಟೇಗೆ ಮಣ್ ಹಾಕ್ಕೋತೀರಲ್ಲೋ!” ಎಂದು ಬೈದಳು. ಬೈದಾದ ಮೇಲೆ ಬಾಗಿಲಿಗೊರಗಿ ಅವಳೂ ಹಾಡು ಕೇಳಿದಳು.

ಮೇಲೇರಿದ್ದನ್ನು ಪಟ್ಟಿ ಮಾಡುವ ಚಟ ಇವತ್ತಿನದೇನಲ್ಲ. ಹೂಗಳಲ್ಲಿ ಯಾವುದು ಮೇಲು, ನದಿಗಳಲ್ಲಿ ಯಾವುದು ಮೇಲು ಎಂದು ನಮ್ಮ ಹಿಂದಿನವರೂ ಲೆಕ್ಕ ಹಾಕಿದವರೇ. ಆದರೆ ಮೊದಲ ಮೆಟ್ಟಿಲೆನ್ನುವುದು ಯಾರಪ್ಪನ ಮನೆಯದೂ ಅಲ್ಲ. ಇಲ್ಲೇ ದೇವನಹಳ್ಳಿಯ ಆಚೆ ಆವತಿ ಇದೆಯಲ್ಲ, ಒಂದು ಕಾಲಕ್ಕೆ ಈ ಸೀಮೆಗೆಲ್ಲ ಪ್ರಭುಗಳನ್ನು ಕೊಟ್ಟ ಊರು. ಕೋಟೆ ಕಟ್ಟಿದವರು, ಪೇಟೆ ಕಟ್ಟಿದವರು ಅಲ್ಲಿಂದ ಬಂದರಂತೆ. ಈಗ ಬಸ್ಸಿನಲ್ಲಿ ಆವತಿ ಎಲ್ಲಿ ಬರುತ್ತದೆಂದು ಕೇಳಿದರೆ ‘ಏರ್‌ಪೋರ್ಟ್ ದಾಟಿದ ಮೇಲೆ’ ಎನ್ನುತ್ತಾರೆ. ನಮ್ಮ ಶೆಡ್ಡಿನದೂ ಅದೇ ಗತಿ. ನಾನು ಬೇಗನೇ ಮಗ್ಗ ಬಿಟ್ಟು ಸೀರೆ ಗಂಟು ಹೊತ್ತು ಬೆಂಗಳೂರಿನ ಅಂಗಡಿಗಳಿಗೆ ಹಾಕಿ ಬರುವ ಕೆಲಸಕ್ಕಿಳಿದೆ. ಹಾಗಾಗಿ ನನ್ನ ಕಿವಿ ಉಳಿಯಿತು. ಅಣ್ಣ ಕೊನೆಯವರೆಗೂ ನೇಯ್ದ. ಆಮೇಲೆ ಮಗ್ಗಗಳು ಗುಜರಿಯವನ ತಕ್ಕಡಿ ಏರಿದವು. ಶೆಡ್ಡಿಗೆ ಅಡ್ಡಗೋಡೆ ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದೇವೆ.

ಅಷ್ಟು ಹೊತ್ತಿಗೆ ಅಣ್ಣನ ಎರಡೂ ಕಿವಿ ಹೋಗಿದ್ದವು. ಹಾಳು ರೇಡಿಯೋ ಕಿವಿಗೆ ಅಂಟಿಸಿಕೊಂಡೇ ಹೀಗಾಯಿತೆಂದು ಅತ್ತಿಗೆ ಇಂದಿಗೂ ಶಪಿಸುತ್ತಾರೆ. ಡಾಕ್ಟರು ಮಗ್ಗದ ಸದ್ದಿನಿಂದ ಎಂದರು. ಅಣ್ಣ ಮಾತ್ರ ಅತ್ತಿಗೆಯ ಪಕ್ಷ. “ಮಗ್ಗ ಅನ್ನ ಹಾಕೈತೆ, ಅದ್ರ ಮೇಲೆ ಯಾಕ್ ತಪ್ಪು ಹೊರಿಸ್ತೀರ? ರೇಡಿಯೋನೇ ಅಂತ ಇಟ್ಕೊಳ್ಳಿ” ಎಂದುಬಿಟ್ಟ. ಕಿವಿಯ ಮಷಿನ್ನೂ ತಂದುಕೊಟ್ಟರು. ಅವನು ಅದನ್ನು ಹಾಕಿಕೊಳ್ಳುವುದಿಲ್ಲ. ಹೊರಗಿನ ಮಾತು ಸತ್ತಿದ್ದರೂ ಅವನ ಕಿವಿಯೊಳಗೆ ಹಗಲೂ ರಾತ್ರಿ ಒಂದು ಸದ್ದು ಇದೆಯಂತೆ. ಎಂಥ ಸದ್ದು ಎಂದು ಒಮ್ಮೆ ಚೀಟಿಯಲ್ಲಿ ಬರೆದು ಕೇಳಿದೆ. “ಮಗ್ಗದ್ದು ಕಣೋ, ಇನ್ಯಾತರದ್ದು?” ಎಂದ. ಗುಜರಿಗೆ ಹೋದ ಮಗ್ಗ ಅವನೊಳಗೆ ಇನ್ನೂ ಓಡುತ್ತಿದೆಯಲ್ಲ ಎನಿಸಿ ನನಗೆ ಸಂಕಟವಾಯಿತು.

ಸನ್ನೆ ಮಾಡಿದರೆ ತೀರಿತಲ್ಲ, ಅದನ್ನು ಅವನೇ ಕಲಿಸಿದ್ದಲ್ಲವೇ ಎಂದು ನೀವು ಕೇಳಬಹುದು. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಒಂದು ದಿನ ಊಟಕ್ಕೆ ಕರೆಯಲು ಅತ್ತಿಗೆ ಕೈಸನ್ನೆ ಮಾಡಿದ್ದಕ್ಕೆ ತಟ್ಟೆ ತಳ್ಳಿ ಎದ್ದ. “ಮಗ್ಗದ ಮುಂದೆ ಕೈ ಆಡ್ಸಿದ್ರೆ ನೇಕಾರ ಅಂತಾರೆ. ಮನೇಲಿ ಕೈ ಆಡ್ಸಿದ್ರೆ ಕಿವುಡ ಅಂತಾರೆ. ನನ್ನೆದುರ್ಗೆ ಯಾರೂ ಕೈ ಆಡಿಸ್ಬೇಡಿ.” ಆಮೇಲೆ ಯಾರೂ ಆಡಿಸಲಿಲ್ಲ. ಮಾತುಮಾತಿಗೆ ಚೀಟಿ ಬರೆಯಲಾದೀತೇ, ಎಲ್ಲರೂ ಕೂಗುವುದನ್ನು ಕಲಿತೆವು. ಅವನು ಎಲ್ಲದಕ್ಕೂ ‘ಹೂಂ, ಹೂಂ’ ಎನ್ನುವುದನ್ನು ಕಲಿತ. ಶೆಡ್ಡಿಗೆಲ್ಲ ಸುದ್ದಿ ಹಂಚಿದ ಮನುಷ್ಯನಿಗೆ ಈಗ ಮನೆಯ ಸುದ್ದಿಯೂ ಮುಟ್ಟುವುದಿಲ್ಲ. ಅವನು ಬದುಕಿರುವಾಗಲೇ ಅವನನ್ನು ಕಳೆದುಕೊಂಡೆನೇನೋ ಎಂಬ ಹೆದರಿಕೆ ನನಗೆ ಹತ್ತಿತು.

ಕಳೆದ ವರ್ಷ ಅಣ್ಣನ ಮೊಮ್ಮಗಳು ಭೂಮಿಕಾ ಅರ್ಧ ಹಾಡು ಗುನುಗುವ ನನ್ನ ಪಾಡು ನೋಡಲಾರದೆ ಮೊಬೈಲಿನಲ್ಲಿ ಆ ಕೊಡದ ಹಾಡನ್ನು ಹುಡುಕಿ ಕೊಟ್ಟಳು. ಆ ಕಾಲದ ಪಟ್ಟಿಗಳೆಲ್ಲ ಅದರಲ್ಲಿ ಕೂತಿವೆಯಂತೆ. ಜೀವನದಲ್ಲಿ ಮೊದಲ ಸಲ ಅದನ್ನು ಪೂರ್ತಿ ಕೇಳಿದೆ. ನಿಜ ಹೇಳಲೇ, ಗುರುತೇ ಸಿಗಲಿಲ್ಲ. ಹಿಂದೆಮುಂದೆ ಮಗ್ಗದ ಸದ್ದಿಲ್ಲದ ಆ ಹಾಡು ನನಗೆ ಉಪ್ಪಿಲ್ಲದ ಸಾರಿನಂತೆ ಕಂಡಿತು. ಕೊನೆಯಲ್ಲಿ ಏನೋ ಇರಬೇಕು, ಅದನ್ನೇ ಕರೆಂಟು ನಮ್ಮಿಂದ ಕಿತ್ತುಕೊಳ್ಳುತ್ತಿತ್ತು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಕೊನೆಯಲ್ಲಿದ್ದದ್ದು ಅದೇ ಪಲ್ಲವಿ. ಹುಡುಗಿ ನೀರಿಗೂ ಹೋಗಿರಲಿಲ್ಲ, ಯಾರಿಗೋ ಕಾಯುತ್ತಿದ್ದಳು ಎಂದು ಹಿಂದಿ ಬಲ್ಲ ಭೂಮಿಕಾ ಹೇಳಿದಳು.

ಆಸೆ ತಡೆಯಲಾರದೆ ಮೊಬೈಲನ್ನು ಅಣ್ಣನ ಹತ್ತಿರ ಒಯ್ದೆ. ದೊಡ್ಡದಾಗಿ ಹಚ್ಚಿ, ಅವನು ಹಿಂದೆ ಟ್ರಾನ್ಸಿಸ್ಟರ್ ಹಿಡಿಯುತ್ತಿದ್ದ ಕಿವಿಗೇ ಹಿಡಿದೆ. ಅವನು ಕಣ್ಣು ಮುಚ್ಚಿ, ತಲೆದೂಗುತ್ತ, “ಚೆನ್ನಾಗೈತೆ ಕಣೋ, ಅದೇ ಹಾಡು” ಎಂದ. ಅಷ್ಟರಲ್ಲಿ ಹಾಡು ನಿಂತು ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಶುರುವಾಗಿತ್ತು. ಅಣ್ಣ ಅದಕ್ಕೂ ತಾಳ ಹಾಕುತ್ತಿದ್ದ. ನಗಬೇಕಾದ ಜಾಗ. ನನ್ನ ಮುಖದಲ್ಲಿ ಏನು ಕಂಡಿತೋ, ಅವನು ಕಣ್ಣು ತೆರೆದವನೇ ತಾಳ ನಿಲ್ಲಿಸಿ ಗೋಡೆ ಕಡೆ ತಿರುಗಿ ಕೂತ. ನಾನು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡೆ.

ಮೊನ್ನೆ ಭಾನುವಾರ ಮಧ್ಯಾಹ್ನ ನಮ್ಮವರ ಪಂದ್ಯ ಇತ್ತು. ಟಿವಿ ಎದುರು ಅಣ್ಣ ಒಬ್ಬನೇ ಕೂತಿದ್ದ. ಕೇಳುವವರಿಲ್ಲದಿದ್ದರೂ ಟಿವಿ ಅರಚುತ್ತಿತ್ತು. ಸ್ಕೋರು ಪರದೆಯ ಮೇಲೇ ಬರುವುದರಿಂದ ಅವನಿಗೀಗ ಯಾರ ಹಂಗೂ ಇಲ್ಲ. ನಾನು ಹೊಸಿಲ ಬಳಿ ನಿಂತು ಚಪ್ಪಲಿ ಹುಡುಕುತ್ತಿದ್ದೆ. ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಪರದೆ ಕಪ್ಪಾಯಿತು. ಅಣ್ಣ ಸುಮ್ಮನೆ ಆ ಕಪ್ಪು ಪರದೆಯನ್ನೇ ನೋಡುತ್ತ ಕೂತ.

ಜೇಬಿನಿಂದ ಮೊಬೈಲ್ ತೆಗೆದು ಸ್ಕೋರು ನೋಡಿದೆ. ಹಿಂದೆ ಅಣ್ಣ ನಿಲ್ಲುತ್ತಿದ್ದಂತೆ ಬಾಗಿಲಲ್ಲಿ ನಿಂತಿದ್ದಕ್ಕೋ, ಕರೆಂಟ್ ಹೋಗಿದ್ದಕ್ಕೋ, ನನಗೇ ತಿಳಿಯದೆ ನನ್ನ ಬಲಗೈ ಮೇಲೆದ್ದು ಬೀಸಿತು. ನಾಲ್ಕು. ಇನ್ನು ಬೈಗುಳ ತಪ್ಪಿದ್ದಲ್ಲ ಎಂದು ಕಾದೆ. ಅಣ್ಣ ನನ್ನ ಕೈಯನ್ನೇ ದಿಟ್ಟಿಸಿದ. ಆಮೇಲೆ ಅವನ ಕೈ ಮೆಲ್ಲಗೆ ಮಡಿಲಿನಿಂದ ಎದ್ದು ಕಿವಿಯ ಪಕ್ಕಕ್ಕೆ ಬಂತು. ಎರಡು ಬೆರಳಲ್ಲಿ ಗಾಳಿಯಲ್ಲಿ ಒಂದು ಗುಂಡಿ ತಿರುಗಿಸಿದ.

ಯಾವುದು ಫಸ್ಟು?

ಈ ವಾರ ಯಾವ ಹಾಡು ಫಸ್ಟೋ ನನಗೇನು ಗೊತ್ತು? ಈಗ ಒಬ್ಬೊಬ್ಬರ ಮೊಬೈಲಿನಲ್ಲಿ ಒಂದೊಂದು ಪಟ್ಟಿ, ಎಲ್ಲವೂ ಫಸ್ಟೇ. ನಾನು ಸೊಂಟದ ಮೇಲೆ ಕೊಡ ಏರಿಸಿಕೊಂಡೆ. ತಲೆಗೆ ರುಮಾಲು ಸುತ್ತಿದೆ.

ಅಣ್ಣನ ಮುಖ ಅರಳಿತು. ತನ್ನ ದನಿ ತನಗೇ ಕೇಳದವನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. “ಇನ್ನೂ ಅದೇನಾ ಲೇ ಸೀನ? ಇಳೀಲೇ ಇಲ್ವಾ ಅದು?”

ನಾನು ನೋಯುವ ಮಂಡಿಯನ್ನು ಲೆಕ್ಕಿಸದೆ ಬಗ್ಗಿ, ಇಲ್ಲದ ಬ್ಯಾಟನ್ನು ನೆಲಕ್ಕೆ ಟಕಟಕ ಕುಟ್ಟಿದೆ. ಅಣ್ಣ ನಗುತ್ತ ಕಣ್ಣೊರೆಸಿಕೊಂಡ. ನನಗೂ ಅವನ ಮುಖ ಮಸುಕಾಯಿತು. ಅವನು ಇನ್ನೇನೋ ಕೇಳಲೆಂದು ಮತ್ತೆ ಕೈ ಎತ್ತಿದ. ಅಷ್ಟರಲ್ಲಿ ಟಿವಿ ಚಕ್ಕೆಂದು ಹತ್ತಿಕೊಂಡು ಅರಚತೊಡಗಿತು.

ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಆದರೂ ಹೇಳುತ್ತೇನೆ, ಆ ಕರೆಂಟು ಇನ್ನೊಂದಿಷ್ಟು ಹೊತ್ತು ಬರಬಾರದಿತ್ತು.