ಅಗಸ್ತ್ಯನ ಪಕ್ಕದ ಮಸುಕು

ನಿಜ ಹೇಳಬೇಕೆಂದರೆ ಆ ಸಂಜೆ ನನಗೆ ಯಾವ ನಕ್ಷತ್ರವೂ ಬೇಕಿರಲಿಲ್ಲ. ಹಳೇಬೀಡಿನ ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳಿ ಕಾಲು ಮರಗಟ್ಟಿದ್ದವು. ಬೇಲೂರಿಗೆ ಹೋಗಿ ಒಲೆ ಹಚ್ಚುವುದು ಬಾಕಿಯಿತ್ತು. ಅರವತ್ತರ ದಶಕದ ಆರಂಭ ಅದು. ಹೆಡ್‌ಮಾಸ್ತರ ಗೆಳೆಯರೊಬ್ಬರು, ಕಾಲೇಜಿನ ಮೇಷ್ಟ್ರು, ದೊಡ್ಡ ದುರ್ಬೀನು ತಂದು ಶಾಲೆಯ ಬಯಲಲ್ಲಿ ನಿಲ್ಲಿಸಿದ್ದರು. ವಿಜ್ಞಾನ ಹೇಳುವ ತಪ್ಪಿಗೆ ನಾನು ಉಳಿಯಲೇಬೇಕಾಯಿತು.

ಕತ್ತಲಾಗುತ್ತಲೇ ಅವರು ದುರ್ಬೀನನ್ನು ದಕ್ಷಿಣಕ್ಕೆ ತಿರುಗಿಸಿದರು. ಅಲ್ಲಿ ನಮ್ಮ ಆಕಾಶಗಂಗೆಯಂಥದೇ ಇನ್ನೊಂದು ನಕ್ಷತ್ರಗಳ ಗುಂಪಿದೆಯಂತೆ, ಅದರ ಬೆಳಕು ಹೊರಟಾಗ ಭೂಮಿಯ ಮೇಲೆ ಮನುಷ್ಯನೇ ಹುಟ್ಟಿರಲಿಲ್ಲವಂತೆ. ನೋಡಿದೆ. ತೊಗರಿಬೇಳೆಯ ಆಕಾರದ ಒಂದು ಮಸುಕು. ನಡುವೆ ಬೆಳ್ಳಗೆ, ಅಂಚೆಲ್ಲ ಕರಗಿದಂತೆ.

"ಇಷ್ಟೇನಾ ಮೇಡಂ?" ಎಂದು ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡವು. ಪಾಪ, ಆ ಮೇಷ್ಟ್ರು ಅವಕ್ಕೆಂದು ದುರ್ಬೀನನ್ನು ಪಕ್ಕದ ಅಗಸ್ತ್ಯ ನಕ್ಷತ್ರಕ್ಕೆ ತಿರುಗಿಸಿದರು. ಸೂಜಿಮೊನೆಯಂಥ ಬೆಳಕು. ಮಕ್ಕಳು ಕುಣಿದಾಡಿದವು.

ಅಷ್ಟರಲ್ಲಿ ನಮ್ಮ ಯಜಮಾನರು ಬಂದರು. ಅರಸೀಕೆರೆ–ಬೇಲೂರು ಬಸ್ಸಿನ ಡ್ರೈವರು ಅವರು. ಕೊನೆಯ ಟ್ರಿಪ್ಪಿನಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದರು. ದೂರದ ನಕ್ಷತ್ರಗಳ ಗುಂಪೊಂದನ್ನು ತೋರಿಸುತ್ತಾರೆಂದು ಬೆಳಗ್ಗೆ ನಾನೇ ಹೇಳಿದ್ದೆ. ಬಂದವರೇ ದುರ್ಬೀನಿಗೆ ಕಣ್ಣಿಟ್ಟರು.

"ಕಾಣ್ತೈತೆ ಕಣೇ! ಹೊಗೆ ಉಂಡೆ ಹಂಗೈತೆ. ನಡುವೆ ಬೆಳ್ಳಗೆ, ಸುತ್ತ ಕರಗೋಗೈತೆ. ಇದಕ್ಕೆ ಅಷ್ಟು ದೂರದಿಂದ ಕೊಳವೆ ಹೊತ್ತು ತಂದ್ರಾ? ಎದುರಿಗೆ ಬರೋ ಲಾರಿ ದೀಪ ನಂಗೆ ದಿನಾ ಹಿಂಗೇ ಕಾಣ್ತೈತೆ."

ತಮಾಷೆಯೆಂದು ಎಲ್ಲರೂ ನಕ್ಕರು. ಅವರು ಸರಿದ ಕೂಡಲೇ ನಾನು ಮತ್ತೆ ನೋಡಿದೆ. ಅಗಸ್ತ್ಯನೇ ಇದ್ದ, ಅದೇ ಸೂಜಿಮೊನೆ. ಬಸ್ಸಿನತ್ತ ಹೊರಟವರ ಹಿಂದೆಯೇ ಓಡಿದೆ.

ಬಸ್ಸಿನಲ್ಲಿ ಮಾದಿಹಳ್ಳಿಯವರು, ಬೇಲೂರಿನವರು, ಮಡಿಲಲ್ಲಿ ಮಕ್ಕಳನ್ನಿಟ್ಟುಕೊಂಡ ಹೆಂಗಸರು ಆಗಲೇ ಕೂತಿದ್ದರು. ಬಾಗಿಲ ಬಳಿ ಯಜಮಾನರ ತೋಳು ಹಿಡಿದೆ.

"ರೀ, ಕತ್ತಲಲ್ಲಿ ಓಡಿಸಬೇಡಿ."

"ಹುಚ್ಚಾ ನಿಂಗೆ? ಈ ರಸ್ತೇನ ಕಣ್ಮುಚ್ಕೊಂಡು ಓಡಿಸ್ತೀನಿ."

"ಅದೇ ತಾನೇ ಮಾಡ್ತಿರೋದು!" ಸಿಟ್ಟು, ಸುಸ್ತು, ಭಯ ಎಲ್ಲ ಒಟ್ಟಿಗೆ ಬಂದವು. "ನೀವು ನೋಡಿದ್ದು ಅಗಸ್ತ್ಯನ್ನ. ಮಕ್ಕಳಿಗೆಲ್ಲ ಅದು ಚುಕ್ಕಿಯಾಗಿ ಕಾಣಿಸ್ತು."

ಅವರು ಬಸ್ಸಿನೊಳಗಿನ ಜನರ ಕಡೆಗೊಮ್ಮೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಮಳೆಗಾಲದಿಂದ ಹಿಂಗೇ ಕಣೇ. ಎದುರಿಗೆ ಗಾಡಿ ಬಂದ್ರೆ ಕಂಡಕ್ಟರು ಹೇಳ್ತಾನೆ. ಕೆಲಸ ಹೋದ್ರೆ ಏನ್ ಮಾಡಾನ?" ಎಂದರು.

"ನನ್ನ ಸಂಬಳ ಇದೆಯಲ್ಲ" ಎಂದೆ. ಅದರಲ್ಲಿ ಮನೆ ನಡೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಏನ್ಲಾ, ಗಾಡಿ ಕೆಟ್ಟೋಯ್ತಾ?" ಒಳಗಿನಿಂದ ಒಬ್ಬ ಕೂಗಿದ.

ಅವರು ಮೆಟ್ಟಿಲು ಹತ್ತಿ ನಿಂತರು. "ಗಾಡಿ ಚೆನ್ನಾಗೈತೆ ಕಣಪ್ಪಾ. ನನ್ನ ಕಣ್ಣು ಹೋಗೈತೆ. ಇಳೀರಿ."

ಜನ ಬೈದುಕೊಂಡೇ ಇಳಿದು ಶಾಲೆಯ ಜಗಲಿಯಲ್ಲಿ ಮಲಗಲು ಜಾಗ ಹುಡುಕಿದರು. ನಾವಿಬ್ಬರೂ ಒಂದು ಮೂಲೆಯಲ್ಲಿ ಗೋಡೆಗೊರಗಿ ಕೂತೆವು.

"ಹಂಗಾರೆ ಆ ದೂರದ್ದನ್ನ ನಾನು ನೋಡ್ಲೇ ಇಲ್ಲ" ಎಂದರು.

"ನೋಡಿದ್ರಿ ಬಿಡಿ" ಎಂದೆ. "ನೀವು ಹೇಳಿದ ಹಾಗೇ ಇತ್ತು."