ಅಣ್ಣನ ನಡೆಗೆ ನನ್ನ ಕೈ

ಚದುರಂಗದ ಮುಂದೆ ಕೂತ ಕೂಡಲೇ ನಮ್ಮಣ್ಣ ಚಪ್ಪಲಿ ಬಿಡುತ್ತಿದ್ದ. ಎಡಗಾಲಿನ ಹೆಬ್ಬೆರಳಿನಿಂದ ಬಲಗಾಲಿನ ಹಿಮ್ಮಡಿಯನ್ನು ಮೆಲ್ಲಗೆ ಉಜ್ಜುತ್ತಾ ಯೋಚಿಸುವುದು ಅವನ ಅಭ್ಯಾಸ. ಹೊರದೇಶದ ಪಂದ್ಯಗಳಲ್ಲೂ ಮೇಜಿನ ಕೆಳಗೆ ಅವನ ಬೂಟು ಒಂದು ಕಡೆ, ಕಾಲುಚೀಲ ಇನ್ನೊಂದು ಕಡೆ. ಆಟ ಮುಗಿದು ಬರಿಗಾಲಲ್ಲೇ ಎದ್ದು ಹೊರಟು, ಅರ್ಧ ಹಾಲ್ ದಾಟಿದ ಮೇಲೆ ನೆನಪಾಗಿ ವಾಪಸ್ ಬರುತ್ತಿದ್ದನಂತೆ. ನಾನು ಬೈದರೆ, "ದೇವಸ್ಥಾನದ ಜಗುಲಿ ಮೇಲೆ ಕಲಿತ ಆಟ ಕಣೇ, ಕಾಲಿಗೆ ಏನಾದ್ರೂ ಇದ್ರೆ ತಲೆ ಓಡಲ್ಲ" ಎನ್ನುತ್ತಿದ್ದ.

ಜಗುಲಿಯ ಮೇಲೆ ಅವನಿಗೆ ಕಲಿಸಿದವರು ನಮ್ಮಪ್ಪ. ಮುಳಬಾಗಿಲಿನಲ್ಲಿ ಅರ್ಚಕರಾಗಿದ್ದರು. ಮಧ್ಯಾಹ್ನ ಗುಡಿಯ ಬಾಗಿಲು ಹಾಕಿದ ಮೇಲೆ ಹಳೇ ಪದ್ಧತಿಯ ಆಟ. ಅದರಲ್ಲಿ ಕಾಲಾಳು ಒಂದೇ ಮನೆ ಮುಂದೆ ಹೋಗಬೇಕು, ರಾಜನಿಗೆ ಕೋಟೆ ಕಟ್ಟಿಕೊಳ್ಳುವ ನಿಯಮವಿಲ್ಲ. ಅಷ್ಟನ್ನೇ ಕಲಿತುಕೊಂಡು ಅಣ್ಣ ಶಾಲಾ ಹುಡುಗನಾಗಿ ಕೋಲಾರದ ಪಂದ್ಯಕ್ಕೆ ಹೋದ. ಎದುರಿನ ಹುಡುಗ ರಾಜನನ್ನೂ ಆನೆಯನ್ನೂ ಒಟ್ಟಿಗೆ ಸರಿಸಿ ಕೋಟೆ ಕಟ್ಟಿದ್ದೇ ತಡ, ಇವನು ಎದ್ದು ನಿಂತು, "ಸಾರ್, ಇವ್ನು ಒಂದೇ ಸಲಕ್ಕೆ ಎರಡು ಕಾಯಿ ನಡೆಸ್ದ!" ಎಂದು ಕೂಗಿದ. ಇಡೀ ಹಾಲ್ ನಕ್ಕಿತು. ಆ ದಿನದ ಆಟಗಳನ್ನೆಲ್ಲ ಸೋತ. ನಾನು ಅಳುಮೋರೆಯನ್ನು ನಿರೀಕ್ಷಿಸಿದ್ದರೆ, ಅವನು ಬಸ್ಸಿಳಿದು ಓಡಿಬಂದ. "ಪುಟ್ಟೀ, ರಾಜಂಗೆ ಕೋಟೆ ಐತಂತೆ ಕಣೇ! ಅಪ್ಪಂಗೆ ಗೊತ್ತೇ ಇರ್ಲಿಲ್ಲ!" ಅವನ ಮುಖದಲ್ಲಿ ಅಂಥ ಬೆಳಕನ್ನು ಮತ್ತೆ ಕೆಲವೇ ಸಲ ಕಂಡಿದ್ದೇನೆ.

ಮುಂದೆ ಸೋಲನ್ನು ಅಷ್ಟು ಸುಲಭಕ್ಕೆ ತಗೊಳ್ಳಲಿಲ್ಲ. ಸೋತು ಬಂದರೆ ಹುಣಸೇಹಣ್ಣು ಹಿಡಿದು ಹಿತ್ತಲಿಗೆ ಹೋಗಿ ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ತಿಕ್ಕುತ್ತಿದ್ದ. ಹಂಡೆ, ಚೊಂಬು, ಗಂಟೆ, ದೀಪದ ಕಂಬ, ಒಂದನ್ನೂ ಬಿಡುತ್ತಿರಲಿಲ್ಲ. ಪಕ್ಕದ ಮನೆಯವರು ನಮ್ಮ ಹೊಳೆಯುವ ಪಾತ್ರೆ ನೋಡಿ, "ಏನಮ್ಮಾ, ಮಗ ಸೋತ್ನಾ?" ಎಂದು ಕೇಳುತ್ತಿದ್ದರು.

ಗ್ರಾಂಡ್‌ಮಾಸ್ಟರ್ ಪದವಿಗೆ ಮೂರು ನಾರ್ಮ್ ಬೇಕು. ಎಂದರೆ, ದೊಡ್ಡ ಆಟಗಾರರಿರುವ ಪಂದ್ಯಾವಳಿಗಳಲ್ಲಿ ಮೂರು ಸಲ ಆ ಮಟ್ಟದ ಆಟ ಆಡಿ ತೋರಿಸಬೇಕು. ಮೊದಲ ಎರಡು ಬೇಗನೇ ಬಂದವು. ಮೂರನೆಯದು ವರ್ಷಗಟ್ಟಲೆ ಸತಾಯಿಸಿತು. ಪ್ರತಿಸಲ ಕೊನೆಯ ಸುತ್ತಿನಲ್ಲಿ ಕೈತಪ್ಪಿ ಹೋಗುತ್ತಿತ್ತು. ಆ ವರ್ಷಗಳಲ್ಲಿ ನಮ್ಮ ಮನೆಯ ಹಿತ್ತಾಳೆ ಬಂಗಾರದಂತೆ ಹೊಳೆಯುತ್ತಿತ್ತು. ಅಪ್ಪ ಹೋಗಿಬಿಟ್ಟರು, ನಾನು ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದೆ. ಅಣ್ಣ ಮದುವೆಯ ಮಾತನ್ನೇ ಮುಂದೂಡುತ್ತಾ ಬಂದ. ಕೊನೆಗೆ ಎಲ್ಲೋ ಹಿಮ ಬೀಳುವ ಊರಿಂದ ಫೋನ್ ಮಾಡಿದ. ಅಮ್ಮ ಎತ್ತಿಕೊಂಡಳು.

"ಅಮ್ಮಾ, ಆಯ್ತು."

"ಆಯ್ತಾ ನಾಯನಾ? ಏನ್ ಹಾಕಿದ್ರು ಊಟಕ್ಕೆ?"

ಅವನು ನಗುತ್ತಿದ್ದುದು ನನಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಆ ನಗು ಅಳುವಾಯಿತು.

ಗ್ರಾಂಡ್‌ಮಾಸ್ಟರ್ ಆಗಿ ಅವನು ಸುಖವಾಗಿ ಆಡಿದ್ದು ಬಹಳ ಕಡಿಮೆ ಕಾಲ. ಚೆನ್ನೈನ ಒಂದು ಪಂದ್ಯದಲ್ಲಿ ಮಂತ್ರಿಯನ್ನು ಎತ್ತಲು ಹೋದ ಬೆರಳುಗಳು ಜಾರಿ ಪಕ್ಕದ ಆನೆಯನ್ನು ಹಿಡಿದವು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ನಿಯಮ. ನಡೆಸಿ ಸೋತ. ಊರಿಗೆ ಬಂದು ಹಂಡೆ ತಿಕ್ಕಲು ಕೂತವನು, ಅದನ್ನು ಹಾಗೇ ಬಿಟ್ಟು ಒಳಗೆ ಬಂದು ನನ್ನ ಮುಂದೆ ಕೈ ಚಾಚಿದ. "ಪುಟ್ಟೀ, ಇದ್ಯಾಕೋ ನನ್ ಮಾತು ಕೇಳ್ತಿಲ್ಲ ಕಣೇ."

ಬೆಂಗಳೂರಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ನರಗಳ ಕಾಯಿಲೆ, ಮದ್ದಿಲ್ಲ. ಕೈ ಹೋಗುತ್ತದೆ, ಕಾಲು ಹೋಗುತ್ತದೆ, ನಾಲಿಗೆ, ಆಮೇಲೆ ಉಸಿರು. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಯೋಚನೆ?" ಅವನ ಮಟ್ಟಿಗೆ ಅದಕ್ಕೇನೂ ಆಗಲಾರದು ಎಂದರು ಅವರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು, "ಬೋರ್ಡು ಉಳೀತು ಕಣೇ" ಎಂದ. ನಾನು ಮುಖ ತಿರುಗಿಸಿಕೊಂಡೆ.

ಕೈಯಾಡದ ಆಟಗಾರ ಪಂದ್ಯದಲ್ಲಿ ಸಹಾಯಕರೊಬ್ಬರನ್ನು ಕೂರಿಸಿಕೊಳ್ಳಬಹುದು. ಅವನು ಹೇಳಿದ ಕಾಯಿಯನ್ನು ಹೇಳಿದ ಮನೆಗೆ ನಡೆಸುವುದಷ್ಟೇ ಸಹಾಯಕರ ಕೆಲಸ. ಅಣ್ಣ ನನ್ನನ್ನು ಕರೆದ. ಮೊದಲ ದಿನವೇ ಹೇಳಿಬಿಟ್ಟ, "ನಾನ್ ತಪ್ ಹೇಳಿದ್ರೆ ತಪ್ಪೇ ನಡೆಸ್ಬೇಕು. ಹೇಳದೇ ಇದ್ರೆ ಏನೂ ನಡೆಸ್ಬಾರ್ದು. ಮುಖ ಕಲ್ಲಿನ ಹಾಗಿಟ್ಕೋ." ರಜೆ ಸಿಕ್ಕಾಗಲೆಲ್ಲ ಅವನ ಪಕ್ಕದಲ್ಲಿ ಕಲ್ಲಾಗಿ ಕೂತೆ. ಅವನ ಮನಸ್ಸು ಎಷ್ಟು ದೂರ ಹೋಗಿ ಬರುತ್ತದೆಂದು ನನಗೆ ತಿಳಿದದ್ದು ಆಗಲೇ. ಅವನು ಹೇಳಿದ ನಡೆಯ ಅರ್ಥ, ನಾನು ಕಾಯಿ ಇಟ್ಟು ಎಷ್ಟೋ ಹೊತ್ತಾದ ಮೇಲೆ ನನಗೆ ಹೊಳೆಯುತ್ತಿತ್ತು.

ಅವನ ಕಡೆಯ ಪಂದ್ಯ ಕೋಲಾರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಸಣ್ಣ ಪಂದ್ಯಾವಳಿ. ಬೆಳಗಿನ ಸುತ್ತುಗಳಲ್ಲಿ ಮಾತು ನಿಧಾನವಾದರೂ ಸ್ಪಷ್ಟವಾಗಿತ್ತು. ಸಂಜೆಯ ಕೊನೆಯ ಸುತ್ತಿಗೆ ನಾಲಿಗೆ ದಣಿದುಹೋಯಿತು. ಎದುರು ಬಂದವಳು ಶ್ರೀನಿವಾಸಪುರದ ಹುಡುಗಿ, ಮಾವಿನ ತೋಟದವರ ಮಗಳು, ಅವನದೇ ಶಿಷ್ಯೆ. ಗೆದ್ದವರಿಗೆ ಮೊದಲ ಸ್ಥಾನ. ಅವಳು ಕಲಿತದ್ದನ್ನೆಲ್ಲ ಹಾಕಿ ಆಡಿದಳು. ಅಣ್ಣ ಅವಳ ರಾಜನನ್ನು ಮೂಲೆಗೆ ತಳ್ಳಿ, ಸುತ್ತ ದಾರಿ ಮುಚ್ಚಿದ. ಆದರೆ ಒಂದೊಂದು ನಡೆ ಹೇಳುವುದಕ್ಕೂ ಅವನು ಪಡುತ್ತಿದ್ದ ಪಾಡಿನಲ್ಲಿ ಅವನ ಗಡಿಯಾರದ ಸಮಯ ಬಹುಪಾಲು ಸೋರಿಹೋಗಿತ್ತು; ಅದು ಮುಗಿದರೆ ಆಟ ಸೋತ ಹಾಗೆ.

ಹುಡುಗಿ ತಡೆಯಲಾರದೆ, "ಸಾರ್, ಡ್ರಾ ಮಾಡ್ಕೊಳ್ಳೋಣ ಸಾರ್" ಎಂದಳು.

"ಗೆಲ್ಲೋ... ಆಟ. ಯಾಕಮ್ಮಾ... ಡ್ರಾ? ಆಡು."

ಅವಳು ಆಡಿದಳು. ಈಗ ಒಂದೇ ನಡೆ ಬಾಕಿ. ಕುದುರೆಯನ್ನು ಎಗರಿಸಿ ರಾಜನಿಗೆ ಶಹ ಕೊಟ್ಟರೆ ಅಲ್ಲಿಗೆ ಮುಗಿಯಿತು. ನನಗೆ ಕಾಣುತ್ತಿತ್ತು, ಅವಳಿಗೂ ಕಾಣುತ್ತಿತ್ತು. ಅಣ್ಣ ಬಾಯಿ ತೆರೆದ. "ಕು..." ಎಂದ. ಮತ್ತೆ "ಕು..." ಎಂದ. ಅವನಿಗೆ ಎರಡು ಕುದುರೆಗಳಿದ್ದವು. ಯಾವುದು, ಯಾವ ಮನೆಗೆ ಎಂದು ಅವನೇ ಹೇಳಬೇಕು. ತೀರ್ಪುಗಾರರು ಬಗ್ಗಿ ಕಿವಿಗೊಟ್ಟರು. ಅಣ್ಣನ ಕತ್ತಿನ ನರಗಳು ಉಬ್ಬಿದವು, ಗಲ್ಲದ ಮೇಲೆ ಜೊಲ್ಲು ಇಳಿಯಿತು. ನನ್ನ ಕೈ ಮಡಿಲಲ್ಲೇ ಇತ್ತು. ಒಂದು ಗೇಣು ದೂರದಲ್ಲಿ ಕುದುರೆ ನಿಂತಿತ್ತು. ನಾನು ಮುಟ್ಟಲಿಲ್ಲ.

ಗಡಿಯಾರ ಸೊನ್ನೆಗೆ ಬಂತು. ಹುಡುಗಿ ನೋಡಿಯೂ ನೋಡದವಳ ಹಾಗೆ ತಲೆ ಬಗ್ಗಿಸಿ ಅಳುತ್ತಿದ್ದಳು. ತೀರ್ಪುಗಾರರೂ ಗಡಿಯಾರ ನಿಲ್ಲಿಸಲಿಲ್ಲ. ಅಣ್ಣ ಗಡಿಯಾರದ ಕಡೆ ಕಣ್ಣು ಹೊರಳಿಸಿ, ಅಷ್ಟು ಹೊತ್ತು ಬಾರದಿದ್ದ ಸ್ಪಷ್ಟತೆಯಲ್ಲಿ ಹೇಳಿದ: "ಟೈಮ್."

ತನ್ನ ಸೋಲನ್ನು ತಾನೇ ಸಾರಿದ. ಅವಳು ಎದ್ದು ಬಂದು ಅವನ ಕಾಲಿಗೆ ಹಣೆ ಹಚ್ಚಿದಳು.

ಮುಳಬಾಗಿಲಿಗೆ ವಾಪಸಾಗುವಾಗ ದೇವರಾಯಸಮುದ್ರದ ಹತ್ತಿರ ಕಾರು ನಿಲ್ಲಿಸಿ ಅವನಿಗೆ ನೀರು ಕುಡಿಸಿದೆ. ಕೇಳದೇ ಇರಲಾಗಲಿಲ್ಲ.

"ಅಣ್ಣಾ, ಬಲಗಡೆ ಕುದುರೆ ಅಲ್ವಾ? ನಂಗ್ ಗೊತ್ತಾಗಿತ್ತು."

"ಗೊ...ತ್ತು." ಬಹಳ ಹೊತ್ತು ಉಸಿರು ಕೂಡಿಸಿಕೊಂಡ. "ನಡೆಸ್ಲಿಲ್ಲ... ನೀನು. ಅದು... ನನ್ ಆಟ."

ಆಮೇಲೆ ಮಾತು ಪೂರ್ತಿ ನಿಂತಿತು. ಆ ಚಳಿಗಾಲದ ಒಂದು ಬೆಳಿಗ್ಗೆ, ಅಮ್ಮ ಚಮಚದಲ್ಲಿ ಗಂಜಿ ಹಿಡಿದು, "ಇನ್ನೊಂದೇ ಒಂದು ಗುಟುಕು, ನಾಯನಾ" ಎನ್ನುತ್ತಿರುವಾಗ ಅವನ ಉಸಿರೂ ನಿಂತಿತು. ಅಮ್ಮನಿಗೆ ತಿಳಿಯಲಿಲ್ಲ. ಚಮಚ ಹಿಡಿದೇ ಇದ್ದಳು. ಅವಳ ಕೈಯಿಂದ ಅದನ್ನು ತೆಗೆದುಕೊಂಡವಳು ನಾನು.

ಈಗಲೂ ನನ್ನ ತರಗತಿಯಲ್ಲಿ ಯಾವುದಾದರೂ ಮಗು ಉತ್ತರ ಹೇಳಲು ತೊದಲಿದರೆ, ಮಿಕ್ಕವರು ನಾ ಮುಂದು ತಾ ಮುಂದು ಎಂದು ಕೂಗಿ ಹೇಳಿಬಿಡುತ್ತಾರೆ. ಸುಮ್ಮನಿರಿ ಎಂದು ಗದರುತ್ತೇನೆ. ಕಾಯುತ್ತೇನೆ. ಬೆಲ್ ಹೊಡೆದರೂ ಕಾಯುತ್ತೇನೆ. ಮಗು ಕೊನೆಗೆ ಹೇಳಿಯೇ ಹೇಳುತ್ತದೆ. ಅಣ್ಣನಿಗೆ ಅಷ್ಟು ಹೊತ್ತನ್ನು ಯಾರೂ ಕೊಡುವ ಹಾಗಿರಲಿಲ್ಲ.